ಹೊಗೆಗೊಂದು ಹಗೇವು

ಭಾಷಾಂತರಕ್ಕೆ ಬಂದ ಕಡತ ಇಪ್ಪತ್ತೆಂಟು ಪುಟ.
ಪುಟಕ್ಕೆ ನೂರಿಪ್ಪತ್ತು ರೂಪಾಯಿ,
ಬಿಲ್ಲು ಪಾಸಾಗುವುದು ಮಾರ್ಚಿಗೆ.

ಕಲ್ಲಿದ್ದಲು ಬಿಟ್ಟರೆ ಗತಿಯಿಲ್ಲದ ದೇಶಗಳು
ಚಿಮಣಿಯ ಬಾಯಲ್ಲೇ ಇಂಗಾಲವನ್ನು ಹಿಡಿದು
ಒತ್ತಿ, ನೀರಿನಂತಾಗಿಸಿ, ಕೊಳವೆಯಲ್ಲಿ ಕಳಿಸಿ
ನೆಲದಡಿ ಇಡಬೇಕಂತೆ.
ಇಡುವುದಕ್ಕೆ ಸಾರ್ವಜನಿಕ ಹಣ.
ಯಾವ ಊರಿನ ಸಾರ್ವಜನಿಕರು?
ವಾಕ್ಯದಲ್ಲಿ ಕರ್ತೃಪದ ಇಲ್ಲ.

ನಾಲ್ಕನೆಯ ಪುಟದಲ್ಲಿ ನಿಂತುಬಿಟ್ಟೆ.
ಆ ಇಡುವ ಜಾಗಕ್ಕೆ ಏನೆಂದು ಬರೆಯಲಿ?
ಸಂಗ್ರಹಾಗಾರ ಎಂದರೆ ಸೊಸೈಟಿಯ ಗೋಡೌನು ಕಣ್ಣಿಗೆ ಬರುತ್ತದೆ:
ಗೋಣಿ, ಇಲಿ, ಬೀಗ ಜಡಿದು ಊಟಕ್ಕೆ ಹೋದ ಗುಮಾಸ್ತ.
ನಿಕ್ಷೇಪ ಎಂದು ಬರೆದರೆ
ರಾತ್ರೋರಾತ್ರಿ ಯಾರಾದರೂ ಅಗೆಯಲು ಬಂದಾರು.

ಕಿಟಕಿಯಾಚೆ ಬಾಷಾನಗರದ ಮಂಡಕ್ಕಿ ಭಟ್ಟಿಗಳು.
ನನ್ನಿಬಿ ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತಾಳೆ,
ಒಲೆಗೆ ಭತ್ತದ ಹೊಟ್ಟು ತಳ್ಳುತ್ತ ಕೆಮ್ಮುತ್ತಾಳೆ.
ಹೋದ ವಾರ ನೋಟೀಸು ಓದಿಸಿಕೊಳ್ಳಲು ಬಂದಿದ್ದಳು:
ಹೊಗೆ ಇಳಿಸಿ, ಇಲ್ಲವಾದಲ್ಲಿ ಬೀಗಮುದ್ರೆ.
ಮೇಜಿನ ಮೇಲಿದ್ದ ಈ ಕಡತದ್ದೂ ಹೇಳಿದೆ.
ಕೈಯ ಮಸಿಯನ್ನು ಸೆರಗಿಗೆ ಒರೆಸುತ್ತ ಕೇಳಿದಳು:
"ಹೊಗೆ ಹುಗಿಯಾಕೆ ಅವರಿಗೆ ಕೋಟಿಗಟ್ಲೆ ರೊಕ್ಕ.
ನಮ್ದು ಎಷ್ಟಾದ್ರೆ ಹುಗೀತಾರೆ, ಟೀಚರಮ್ಮ?"
ನಾನು ಟೀಚರಲ್ಲ. ಅದನ್ನೂ ಹೇಳಲಿಲ್ಲ.

ಆಮೇಲೆ, ಚಹಾ ಸೋಸುವಾಗ, ಪದ ತಾನೇ ಬಂತು.
ಹಗೇವು.

ಕೊಡಗನೂರಿನಲ್ಲಿ ಗೌಡರ ಅಂಗಳದ ಕೆಳಗಿತ್ತಂತೆ,
ಎರಡಾಳು ಆಳ.
ಒಳಗೋಡೆಗೆ ಹುಲ್ಲು, ಬೂದಿ,
ಬಾಯಿಗೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು,
ಮಣ್ಣಿನ ಮೇಲೆ ಮಕ್ಕಳ ಕುಂಟಾಬಿಲ್ಲೆ.
ಮುರಿಗೆಮ್ಮಜ್ಜಿ ಹೇಳುತ್ತಿದ್ದಳು:
ಜೋಳ ಒಳಗೇ ಉಸಿರಾಡುತ್ತದೆ,
ಬಿಟ್ಟ ಉಸಿರು ಎಲ್ಲೂ ಹೋಗುವುದಿಲ್ಲ.
ತೆಗೆದ ದಿನ ಇಳಿಯಬಾರದು.
ಮರುದಿನ ಮೊದಲು ಕಂದೀಲು ಇಳಿಬಿಡು.
ಕಂದೀಲು ಬದುಕಿದರೆ ಮನುಷ್ಯ.

ಒಂದು ವರ್ಷ ಮದುವೆಯ ಅವಸರ, ಕಾಯಲಿಲ್ಲ.
ಇಳಿದವನು ಹಾಲೇಶಿ, ಹದಿನೇಳು ವರ್ಷ,
ಎರಡು ಸೇರು ಜೋಳದ ಕೂಲಿ.
ಅವನನ್ನು ಎತ್ತಲು ಇಳಿದವನು ಅವನಣ್ಣ.
ಗೌಡರು ಒಳ್ಳೆಯವರು,
ತಾಯಿಯ ಮನೆಗೆ ಒಂದು ಚೀಲ ಜೋಳ ಕಳಿಸಿದರು,
ಅದೇ ಹಗೇವಿನದು.
ಬೀಸಿದಳೋ ಇಲ್ಲವೋ, ಅಜ್ಜಿ ಎಂದೂ ಹೇಳಲಿಲ್ಲ.

ಹಾಗಂತ ಬೇಡವೆನ್ನಲು ನಾನ್ಯಾರು?
ಈ ಟ್ಯೂಬ್‌ಲೈಟಿನೊಳಗೂ ಎಲ್ಲೋ ಕಲ್ಲಿದ್ದಲು ಉರಿಯುತ್ತಿದೆ.
ದುರ್ಗದ ಗುಡ್ಡದ ಮೇಲೆ ಗಾಳಿಗಿರಣಿಗಳು
ಗಾಳಿ ಸತ್ತ ರಾತ್ರಿ ತೋಳು ಚಾಚಿ ನಿಂತಿರುತ್ತವೆ,
ಬಸ್ಸು ತಪ್ಪಿದವರ ಹಾಗೆ.
ಹೊಗೆಯನ್ನು ಆಕಾಶಕ್ಕೆ ಬಿಡುವುದಕ್ಕಿಂತ
ಕಲ್ಲಿನ ಸಂದಿಗೆ ತುಂಬುವುದು ಲೇಸೇ ಇದ್ದೀತು.
ಕಾಲಾಂತರದಲ್ಲಿ ಅದೂ ಕಲ್ಲಾಗುತ್ತದಂತೆ, ಹನ್ನೊಂದನೆಯ ಪುಟ.
ಆ ಪುಟ ಅನುವಾದಿಸುವಾಗ ನಿಜಕ್ಕೂ ಖುಷಿಯಾಗಿತ್ತು.

ಹತ್ತೊಂಬತ್ತನೆಯ ಪುಟ:
ಇಪ್ಪತ್ತು ವರ್ಷಗಳ ನಂತರ ಸೋರಿಕೆಯ ಹೊಣೆ
ಆತಿಥೇಯ ದೇಶಕ್ಕೆ ವರ್ಗಾವಣೆಯಾಗತಕ್ಕದ್ದು.
ಆತಿಥೇಯ. ಎಂಥ ಸಭ್ಯ ಪದ.
ಬಂದ ಅತಿಥಿ ಏಳುವುದೇ ಇಲ್ಲ.
ಹಣದಲ್ಲಿ ಮುಕ್ಕಾಲು ಸಾಲ, ಅದು ಅನುಬಂಧದಲ್ಲಿ,
ಸಣ್ಣಕ್ಷರದಲ್ಲಿ, ಕನ್ನಡಕ ಒರೆಸಿಕೊಂಡು ಓದಿದೆ.

ಟೈಪು ಮಾಡಿ ಮುಗಿಸಿದಾಗ ರಾತ್ರಿ ಒಂದೂವರೆ.
ತಿದ್ದಲು ಕೂತರೆ, ಎಲ್ಲೆಲ್ಲೂ ಅದೇ ತಪ್ಪು.
ಕೀಲಿ ಒಂದು ಜಾರಿ
ಹೊಗೆ ಹೋಗಿ ಹಗೆ ಆಗಿದೆ:
ಹಗೆಯನ್ನು ಹಿಡಿಯುವ ತಂತ್ರಜ್ಞಾನ,
ಹಗೆಯನ್ನು ಸಾವಿರ ವರ್ಷ ಕಾಪಿಡುವ ವಿಧಾನ.
ಹನ್ನೆರಡು ಕಡೆ ತಿದ್ದಿದೆ.
ಹದಿಮೂರನೆಯದು ಕಣ್ಣಿಗೆ ಬಿತ್ತು, ಬಿಟ್ಟೆ.

ಹಗೇವು ಎಂಬ ಪದವನ್ನು ಸಾಹೇಬರು ಹೊಡೆದುಹಾಕುತ್ತಾರೆ, ಗೊತ್ತು.
ಅದಕ್ಕೇ ಕೆಳಗೆ, ಗೆರೆ ಎಳೆದು, ಅವರದೇ ಕನ್ನಡದಲ್ಲಿ ಬರೆದೆ:
ಯಾರನ್ನೇ ಇಳಿಸುವ ಮುನ್ನ ಕಂದೀಲು ಇಳಿಬಿಡತಕ್ಕದ್ದು.
ಕಂದೀಲಿನ ಹಗ್ಗವನ್ನು
ಹಣ ಹೂಡಿದವರು ಸ್ವತಃ ಹಿಡಿಯತಕ್ಕದ್ದು.

ಅಡಿಟಿಪ್ಪಣಿಗೆ ದರ ಇಲ್ಲ.
ಹೊರಗೆ ನನ್ನಿಬಿ ಆಗಲೇ ಒಲೆ ಹೊತ್ತಿಸಿದ್ದಾಳೆ,
ನೋಟೀಸಿನ ಗಡುವಿಗೆ ಇನ್ನೂ ಒಂಬತ್ತು ದಿನ.